ವರದಿಯಲ್ಲಿ ‘ಸಂಶಯ’ ಎಂದಿದ್ದರೆ ಕ್ಯಾನ್ಸರ್ ನೋಂದಣಿಗೆ ಸೇರಿಸಬೇಕೇ, ಬಿಡಬೇಕೇ?

ಕಡತದ_ಕೋಣೆ | ಸೋಮವಾರ, ರಾತ್ರಿ 9:10
ನಮಸ್ಕಾರ. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗದಲ್ಲಿ ಏಳು ವರ್ಷಗಳಿಂದ ಇದ್ದೇನೆ. ಹೋದ ತಿಂಗಳಿನಿಂದ ಕ್ಯಾನ್ಸರ್ ನೋಂದಣಿಗೆ (ಯಾರಿಗೆ ಯಾವ ಕ್ಯಾನ್ಸರ್ ಬಂದಿದೆ ಎಂದು ಎಣಿಸಿ ಬರೆದಿಡುವ ದಾಖಲೆಗೆ) ಪ್ರಕರಣಗಳನ್ನು ಹೆಕ್ಕಿ ಕೊಡುವ ಹೊಣೆಯೂ ನನ್ನದಾಗಿದೆ. ‘ಕಂಪ್ಯೂಟರಿನಲ್ಲಿ ಐಸಿಡಿ-10 ಎಂಬ ರೋಗಗಳ ಸಂಕೇತ ಪಟ್ಟಿಯ ಸಿ00ಯಿಂದ ಸಿ97ರವರೆಗಿನ ಸಂಕೇತಗಳನ್ನು ಹಾಕಿ ಹುಡುಕು, ಬಂದ ಪಟ್ಟಿಯನ್ನು ಕಳುಹಿಸು, ಮುಗಿಯಿತು’ ಎಂದು ಹೇಳಿಕೊಟ್ಟರು. ಎರಡನೆಯ ವಾರಕ್ಕೇ ಅದು ಹಾಗೆ ಮುಗಿಯುವ ಕೆಲಸವಲ್ಲ ಎಂದು ಗೊತ್ತಾಯಿತು.

ಬಂಟ್ವಾಳದ ಕಡೆಯ, ಬೀಡಿ ಕಟ್ಟುವ ಒಬ್ಬ ಹೆಂಗಸಿನ ಫೈಲು ಈಗ ನನ್ನ ಮುಂದಿದೆ. ಕುತ್ತಿಗೆಯಲ್ಲಿ ಗಂಟು. ಸೂಜಿ ಚುಚ್ಚಿ ತೆಗೆದ ಮಾದರಿಯ ವರದಿಯಲ್ಲಿ ‘ಸಸ್ಪಿಷಿಯಸ್ ಫಾರ್ ಮ್ಯಾಲಿಗ್ನೆನ್ಸಿ’, ಅಂದರೆ ಕ್ಯಾನ್ಸರ್ ಇರುವ ಸಂಶಯ, ಎಂದು ಬರೆದಿದ್ದಾರೆ. ಬಯಾಪ್ಸಿಗೆ (ಗಂಟಿನ ತುಣುಕು ತೆಗೆದು ನೋಡುವ ಪರೀಕ್ಷೆಗೆ) ಬರಲು ಹೇಳಿದ್ದಾರೆ, ಅವರು ಬಂದಿಲ್ಲ. ಹೊರರೋಗಿಯಾದ್ದರಿಂದ ಯಾವ ಸಂಕೇತವನ್ನೂ ನಮೂದಿಸಿಲ್ಲ. ಬೇರೇನನ್ನೋ ಹುಡುಕುವಾಗ ಈ ಫೈಲು ಕೈಗೆ ಸಿಕ್ಕಿತು. ಸೇರಿಸಿದರೆ ಇಲ್ಲದ ರೋಗವನ್ನು ಎಣಿಸಿದ ಹಾಗಾಗಬಹುದು, ಬಿಟ್ಟರೆ ಇದ್ದವರನ್ನೇ ಕೈಬಿಟ್ಟ ಹಾಗಾಗಬಹುದು. ತಿಳಿದವರು ಹೇಳಿ.

ದೂರದ_ಕೆಲಸ | ಸೋಮವಾರ, ರಾತ್ರಿ 9:26
ಸೇರಿಸಿ. ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. ನಾನು ಇಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಕ್ಯಾನ್ಸರ್ ದಾಖಲೆಗಳನ್ನು ಓದುವವನು. ಅಲ್ಲಿ ಇಂಥ ಅನುಮಾನದ ಮಾತುಗಳಿಗೆಂದೇ ಪಟ್ಟಿ ಇದೆ. ‘ಸಸ್ಪಿಷಿಯಸ್’, ‘ಪ್ರಾಬಬಲ್’, ‘ಕನ್ಸಿಸ್ಟೆಂಟ್ ವಿತ್’, ‘ಮೋಸ್ಟ್ ಲೈಕ್ಲಿ’, ‘ಫೇವರ್ಸ್’ ಎಂದಿದ್ದರೆ ಕ್ಯಾನ್ಸರ್ ಎಂದೇ ಲೆಕ್ಕ. ‘ಪಾಸಿಬಲ್’, ‘ಸಜೆಸ್ಟ್ಸ್’, ‘ರೂಲ್ ಔಟ್’, ‘ಕ್ವೆಶ್ಚನಬಲ್’ ಎಂದಿದ್ದರೆ ಲೆಕ್ಕವಿಲ್ಲ. ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡರೆ ದಿನಕ್ಕೆ ನೂರು ವರದಿ ನೋಡಬಹುದು.

ಅತ್ತಾವರದ_ಅಕ್ಕ | ಸೋಮವಾರ, ರಾತ್ರಿ 9:58
ಅವಸರ ಮಾಡಬೇಡಿ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿ ನಿವೃತ್ತಳಾದವಳು ನಾನು. ತಮ್ಮಾ, ನೀನು ಹೇಳಿದ ಪಟ್ಟಿ ಸರಿ. ಆದರೆ ಅದೇ ನಿಯಮದ ಮುಂದಿನ ಸಾಲನ್ನು ಬಿಟ್ಟಿದ್ದೀಯ. ಸೂಜಿ ಪರೀಕ್ಷೆಯಂಥ ಕೋಶ ಪರೀಕ್ಷೆಯೊಂದರಲ್ಲೇ ‘ಸಸ್ಪಿಷಿಯಸ್’ ಎಂದು ಬಂದು, ಬೇರೆ ಯಾವ ಆಧಾರವೂ ಇಲ್ಲದಿದ್ದರೆ ಅಮೆರಿಕದವರೂ ಅದನ್ನು ದಾಖಲಿಸುವುದಿಲ್ಲ. ಬಯಾಪ್ಸಿಯೋ ವೈದ್ಯರ ಸ್ಪಷ್ಟ ನಿರ್ಣಯವೋ ಬರುವವರೆಗೆ ಕಾಯುತ್ತಾರೆ.

ಇನ್ನೊಂದು ಮಾತು. ಅದು ಅವರ ದೇಶದ ಪಟ್ಟಿ, ಅವರ ವೈದ್ಯರು ಬರೆಯುವ ಭಾಷೆಗೆ ಹೊಂದಿಸಿದ್ದು. ನಮ್ಮಲ್ಲಿ ಒಬ್ಬ ವೈದ್ಯರ ‘ಸಜೆಸ್ಟಿವ್’ ಇನ್ನೊಬ್ಬರ ‘ಕನ್ಸಿಸ್ಟೆಂಟ್ ವಿತ್’ಗಿಂತ ಗಟ್ಟಿಯಾಗಿರುತ್ತದೆ. ಗೋಡೆಯ ಪಟ್ಟಿಯನ್ನು ನೋಡಿ ನಿರ್ಧರಿಸುವುದಲ್ಲ, ಮಹಡಿ ಇಳಿದು, ಮಾದರಿಗಳನ್ನು ಪರೀಕ್ಷಿಸುವ ಪೆಥಾಲಜಿ ವಿಭಾಗಕ್ಕೆ ಹೋಗಿ ಕೇಳುವುದು.

ದೂರದ_ಕೆಲಸ | ಸೋಮವಾರ, ರಾತ್ರಿ 10:03
ಅಕ್ಕ ಹೇಳಿದ್ದು ನಿಜ. ಕೋಶ ಪರೀಕ್ಷೆಯ ವಿನಾಯಿತಿಯನ್ನು ನಾನು ಹೇಳಬೇಕಾಗಿತ್ತು. ತಿದ್ದಿಕೊಳ್ಳುತ್ತೇನೆ.

ಸ್ಲೈಡು_ನೋಡುವವ | ಸೋಮವಾರ, ರಾತ್ರಿ 10:31
ಆ ವರದಿಗಳನ್ನು ಬರೆಯುವ ಜಾತಿಯವನು ನಾನು. ನಾವು ತಪ್ಪಿಸಿಕೊಳ್ಳಲು ‘ಸಸ್ಪಿಷಿಯಸ್’ ಎಂದು ಬರೆಯುವುದಲ್ಲ. ಸೂಜಿಯಲ್ಲಿ ಬಂದ ಕೋಶಗಳು ಕೆಲವೊಮ್ಮೆ ಹತ್ತಿಪ್ಪತ್ತು ಮಾತ್ರ. ಕೆಟ್ಟ ಕೋಶದ ಲಕ್ಷಣ ಕಾಣುತ್ತದೆ, ಆದರೆ ಶಸ್ತ್ರಚಿಕಿತ್ಸೆ ಮಾಡಿ ಎಂದು ಸಹಿ ಹಾಕುವಷ್ಟು ಇರುವುದಿಲ್ಲ. ಥೈರಾಯ್ಡಿನ ಸೂಜಿ ಪರೀಕ್ಷೆಗೆ ಬೆಥೆಸ್ಡಾ ಎಂಬ ಆರು ಹಂತಗಳ ಕ್ರಮವಿದೆ. ಅದರಲ್ಲಿ 5 ಎಂದರೆ ಸಂಶಯ, 6 ಎಂದರೆ ಕ್ಯಾನ್ಸರ್. ಐದಕ್ಕೂ ಆರಕ್ಕೂ ನಡುವೆ ಇರುವುದು ಒಂದೇ ಹಂತ, ಆದರೆ ಆ ಹಂತ ರೋಗಿಯ ಕುತ್ತಿಗೆಯ ಮೇಲಿದೆ.

ನನ್ನ ವಿನಂತಿ: ಅನುಮಾನ ಬಂದರೆ ನಮಗೆ ಫೋನ್ ಮಾಡಿ. ಏಳು ವರ್ಷಗಳಲ್ಲಿ ದಾಖಲೆ ವಿಭಾಗದಿಂದ ನನಗೆ ಬಂದ ಕರೆಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು.

ಕಡತದ_ಕೋಣೆ | ಸೋಮವಾರ, ರಾತ್ರಿ 10:40
ಡಾಕ್ಟರೇ, ನಮ್ಮಂಥವರು ಫೋನ್ ಮಾಡಿದರೆ ‘ವರದಿಯಲ್ಲಿ ಬರೆದಿದೆಯಲ್ಲ, ಓದಲು ಬರುವುದಿಲ್ಲವೇ’ ಎಂದು ಕೇಳಿದವರೂ ಇದ್ದಾರೆ. ಆದ್ದರಿಂದ ಹಿಂಜರಿಕೆ. ನಾಳೆ ಧೈರ್ಯ ಮಾಡುತ್ತೇನೆ.

ಪಡುಬಿದ್ರಿ_ಗಾಳಿ | ಸೋಮವಾರ, ರಾತ್ರಿ 11:15
ಹೊರಗಿನವನ ಪ್ರಶ್ನೆ. ಕ್ಯಾನ್ಸರ್ ಎಂದರೆ ಕ್ಯಾನ್ಸರ್, ಅಲ್ಲವೆಂದರೆ ಅಲ್ಲ. ಇಷ್ಟೊಂದು ಚರ್ಚೆ ಏಕೆ?

ಅತ್ತಾವರದ_ಅಕ್ಕ | ಮಂಗಳವಾರ, ಬೆಳಿಗ್ಗೆ 6:20
ಒಳ್ಳೆಯ ಪ್ರಶ್ನೆ, ಬೆಳಗಿನ ಕಾಫಿ ಕುಡಿಯುತ್ತಾ ಉತ್ತರಿಸುತ್ತೇನೆ. ನೋಂದಣಿಯಲ್ಲಿ ನಾವು ಬಳಸುವುದು ಐಸಿಡಿ-ಒ ಎಂಬ, ಗಡ್ಡೆಗಳಿಗೆಂದೇ ಮಾಡಿದ ಸಂಕೇತ ಪುಸ್ತಕ. ಅದರಲ್ಲಿ ಗಡ್ಡೆಯ ಬಗೆಗೆ ನಾಲ್ಕು ಅಂಕಿ, ಆಮೇಲೆ ಒಂದು ಓರೆಗೆರೆ, ಆಮೇಲೆ ಗಡ್ಡೆಯ ಸ್ವಭಾವ ಹೇಳುವ ಒಂದು ಅಂಕಿ. 0 ಎಂದರೆ ನಿರುಪದ್ರವಿ, 1 ಎಂದರೆ ಹೇಗೆ ವರ್ತಿಸುತ್ತದೋ ಹೇಳಲಾಗದು, 2 ಎಂದರೆ ಹುಟ್ಟಿದ ಪದರದೊಳಗೇ ಇರುವುದು, 3 ಎಂದರೆ ಪದರ ದಾಟಿ ನುಗ್ಗಿದ ಕ್ಯಾನ್ಸರ್. ಸ್ತನದ ನಾಳದ ಕ್ಯಾನ್ಸರ್ ಹೊರಗೆ ಹರಡಿದ್ದರೆ 8500/3, ನಾಳದೊಳಗೇ ಇದ್ದರೆ 8500/2. ಗಡ್ಡೆಯ ಬಗೆ ಒಂದೇ, ಕೊನೆಯ ಅಂಕಿಯಿಂದ ಲೆಕ್ಕವೇ ಬದಲಾಗುತ್ತದೆ. ಒಂದು ಪ್ರದೇಶದ ನಿವಾಸಿಗಳ ಕ್ಯಾನ್ಸರ್ ಎಣಿಸುವ ಜನಸಂಖ್ಯಾ ನೋಂದಣಿಯ ಮುಖ್ಯ ಎಣಿಕೆ ಮೂರರದ್ದು.

ಈಗ ಕಡತದ ಕೋಣೆಯವರಿಗೆ. ಬರೀ ಸಿ ಅಕ್ಷರವನ್ನು ಹುಡುಕಿದರೆ ರಕ್ತದ ಕೆಲವು ಕಾಯಿಲೆಗಳು ಕೈತಪ್ಪಿ ಹೋಗುತ್ತವೆ. ಪಾಲಿಸೈಥೀಮಿಯಾ ವೇರಾ ಐಸಿಡಿ-10ರಲ್ಲಿ ಡಿ45, ಮೈಲೋಡಿಸ್‌ಪ್ಲಾಸ್ಟಿಕ್ ಕಾಯಿಲೆಗಳು ಡಿ46. ಆದರೆ 2000ದಲ್ಲಿ ಬಂದ ಐಸಿಡಿ-ಒ ಮೂರನೆಯ ಆವೃತ್ತಿಯಿಂದ ಇವುಗಳ ಸ್ವಭಾವದ ಅಂಕಿ 3. ಅದೇ ಆವೃತ್ತಿ ಅಂಡಾಶಯದ ‘ಬಾರ್ಡರ್‌ಲೈನ್’ ಗಡ್ಡೆಗಳನ್ನು 3ರಿಂದ 1ಕ್ಕೆ ಇಳಿಸಿತು. ಡಿ ಅಕ್ಷರದ ಪಟ್ಟಿಯನ್ನೂ ತೆಗೆದು ನೋಡಿ. ಕಿಮೋಥೆರಪಿಗೆ ಮಾತ್ರ ಬಂದವರಿಗೆ ಝಡ್51.1 ಎಂದು ಹಾಕಿ ಬಿಟ್ಟಿರುತ್ತಾರೆ, ಅದನ್ನೂ ನೋಡಿ. ಝಡ್80 ಮನೆಯವರಿಗೆ ಇತ್ತು ಎನ್ನುವ ಸಂಕೇತ, ಅದು ಬೇಡ. ಝಡ್85 ಹಿಂದೆ ಇತ್ತು ಎನ್ನುವುದು, ಅದನ್ನು ತೆರೆದು ಓದಲೇಬೇಕು.

ಮಂಜೇಶ್ವರದವ | ಮಂಗಳವಾರ, ಬೆಳಿಗ್ಗೆ 8:05
ನನ್ನ ಅಜ್ಜನನ್ನು ದೇರಳಕಟ್ಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ನಮ್ಮ ಕಡೆಯವರು ಒಂದೋ ಮಂಗಳೂರಿಗೆ ಬರುತ್ತಾರೆ, ಇಲ್ಲವೇ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರಕ್ಕೆ ಹೋಗುತ್ತಾರೆ. ಅಜ್ಜನ ಹೆಸರು ಕರ್ನಾಟಕದ ಲೆಕ್ಕಕ್ಕೆ ಸೇರುತ್ತದೆಯೋ ಕೇರಳದ ಲೆಕ್ಕಕ್ಕೋ?

ಕಡತದ_ಕೋಣೆ | ಮಂಗಳವಾರ, ಬೆಳಿಗ್ಗೆ 8:30
ಇದು ನನ್ನ ಎರಡನೆಯ ತಲೆನೋವು. ನಮ್ಮಲ್ಲಿ ಬರುವವರಲ್ಲಿ ಕಾಸರಗೋಡಿನವರು, ಉತ್ತರ ಕನ್ನಡದವರು, ಮಲೆನಾಡಿನವರು ಬೇಕಾದಷ್ಟು ಇದ್ದಾರೆ.

ಅತ್ತಾವರದ_ಅಕ್ಕ | ಮಂಗಳವಾರ, ಬೆಳಿಗ್ಗೆ 9:12
ನೋಂದಣಿಯಲ್ಲಿ ಎರಡು ಬಗೆ. ಆಸ್ಪತ್ರೆ ಆಧಾರಿತ ನೋಂದಣಿ ಆ ಆಸ್ಪತ್ರೆಯ ಬಾಗಿಲಿಗೆ ಬಂದ ಎಲ್ಲ ಕ್ಯಾನ್ಸರ್ ರೋಗಿಗಳನ್ನೂ ಬರೆದುಕೊಳ್ಳುತ್ತದೆ, ಅವರು ಮಂಜೇಶ್ವರದವರಾದರೂ ಕಾರವಾರದವರಾದರೂ. ಜನಸಂಖ್ಯಾ ಆಧಾರಿತ ನೋಂದಣಿ ಒಂದು ಗೊತ್ತಾದ ಪ್ರದೇಶದ ನಿವಾಸಿಗಳನ್ನು ಮಾತ್ರ ಎಣಿಸುತ್ತದೆ, ಅವರು ಚಿಕಿತ್ಸೆಯನ್ನು ಎಲ್ಲೇ ಪಡೆದಿರಲಿ. ಕನಿಷ್ಠ ಒಂದು ವರ್ಷದಿಂದ ಅಲ್ಲಿ ವಾಸವಿರಬೇಕು ಎನ್ನುವುದು ನಮ್ಮ ದೇಶದ ನೋಂದಣಿಗಳ ಅಳತೆ. ನಿಮ್ಮ ಅಜ್ಜ ದೇರಳಕಟ್ಟೆಯ ಆಸ್ಪತ್ರೆಯ ಲೆಕ್ಕದಲ್ಲಿ ಇರಬಹುದು, ಆದರೆ ಇಷ್ಟು ಜನಸಂಖ್ಯೆಗೆ ಇಷ್ಟು ಕ್ಯಾನ್ಸರ್ ಎಂಬ ದರ ಕಟ್ಟುವಾಗ ಅವರು ಕಾಸರಗೋಡು ಜಿಲ್ಲೆಯವರೇ. ಈ ಎರಡನ್ನೂ ಬೆರೆಸಿದರೆ ಅನಾಹುತವಾಗುತ್ತದೆ. ಆಸ್ಪತ್ರೆಗಳು ಇಷ್ಟು ಒತ್ತಾಗಿರುವ ಮಂಗಳೂರಿನಲ್ಲಿ ಬಂದವರನ್ನೆಲ್ಲ ಎಣಿಸಿ ‘ದಕ್ಷಿಣ ಕನ್ನಡದಲ್ಲಿ ಕ್ಯಾನ್ಸರ್ ಏರಿದೆ’ ಎಂದು ಬರೆದುಬಿಡುತ್ತಾರೆ.

ಕುಂದಾಪುರದವಳು | ಮಂಗಳವಾರ, ಮಧ್ಯಾಹ್ನ 1:20
ಅಕ್ಕ, ನಮ್ಮ ಕಡೆ ‘ನಿಮ್ಮ ಊರು ಯಾವುದು’ ಎಂದು ಕೇಳಿದರೆ ಯಾರೂ ಈಗ ಇರುವ ಜಾಗವನ್ನು ಹೇಳುವುದಿಲ್ಲ. ನನ್ನ ದೊಡ್ಡಪ್ಪ ಮೂವತ್ತೆಂಟು ವರ್ಷ ಮುಂಬಯಿಯಲ್ಲಿ ಹೋಟೆಲ್ ನಡೆಸಿದವರು. ಹೊಟ್ಟೆನೋವು ಹೆಚ್ಚಾದಾಗ ಊರಿಗೆ ಬಂದರು, ಮಣಿಪಾಲದಲ್ಲಿ ತೋರಿಸಿದೆವು, ಕ್ಯಾನ್ಸರ್ ಎಂದು ಗೊತ್ತಾಯಿತು. ವಿಳಾಸ ಕೇಳಿದಾಗ ನಾನೇ ಕುಂದಾಪುರದ ಮೂಲಮನೆಯ ಹೆಸರು ಬರೆಸಿದೆ. ಪಡಿತರ ಚೀಟಿಯೂ ಅಲ್ಲಿಯದೇ ಇತ್ತು. ಅದು ತಪ್ಪೇ?

ಅತ್ತಾವರದ_ಅಕ್ಕ | ಮಂಗಳವಾರ, ಮಧ್ಯಾಹ್ನ 2:02
ನಿಮ್ಮದು ತಪ್ಪಲ್ಲಮ್ಮ, ಕೇಳಿದವರ ತಪ್ಪು. ‘ಊರು ಯಾವುದು’ ಎಂದು ಕೇಳಲೇಬಾರದು. ನಾನು ‘ಕಳೆದ ಒಂದು ವರ್ಷ ಎಲ್ಲಿ ಇದ್ದಿರಿ? ನವರಾತ್ರಿಗೆ ಎಲ್ಲಿದ್ದಿರಿ, ಕಳೆದ ಮಳೆಗಾಲದಲ್ಲಿ ಎಲ್ಲಿದ್ದಿರಿ?’ ಎಂದು ಕೇಳುತ್ತಿದ್ದೆ. ಆಗ ನಿಜ ಹೊರಗೆ ಬರುತ್ತದೆ. ನಿಮ್ಮ ದೊಡ್ಡಪ್ಪ ಮುಂಬಯಿ ನೋಂದಣಿಯ ಲೆಕ್ಕಕ್ಕೆ ಸೇರುವವರು. ಆ ನೋಂದಣಿ ಭಾರತದಲ್ಲೇ ಮೊದಲನೆಯದು, 1960ರ ದಶಕದ್ದು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕಾರ್ಯಕ್ರಮದಡಿ 1982ರಲ್ಲಿ ಬೆಂಗಳೂರು, ಚೆನ್ನೈಗಳಲ್ಲಿ ಕೆಲಸ ಶುರುವಾಯಿತು. ಬೆಂಗಳೂರಿನದು ಕಿದ್ವಾಯಿ ಸಂಸ್ಥೆಯಲ್ಲಿ.

ಪಡುಬಿದ್ರಿ_ಗಾಳಿ | ಮಂಗಳವಾರ, ಮಧ್ಯಾಹ್ನ 2:30
ಗಲ್ಫಿನಿಂದ ಬಂದವರು?

ಅತ್ತಾವರದ_ಅಕ್ಕ | ಮಂಗಳವಾರ, ಮಧ್ಯಾಹ್ನ 2:34
ಅದೇ ಪ್ರಶ್ನೆ, ಅದೇ ಉತ್ತರ.

ಬಾಯಿ_ವೈದ್ಯೆ | ಮಂಗಳವಾರ, ಸಂಜೆ 5:45
ದಂತ ವೈದ್ಯೆಯಾಗಿ ಒಂದು ಮಾತು, ಯಾರೂ ಇದನ್ನು ಹೇಳದಿರುವುದು ಆಶ್ಚರ್ಯ. ನಮ್ಮ ಕರಾವಳಿಯಲ್ಲಿ ಬಾಯಿಯ ಹುಣ್ಣು ಇರುವವರು ಮೊದಲು ಬರುವುದು ಹಲ್ಲಿನ ವೈದ್ಯರ ಬಳಿಗೆ. ಮಣಿಪಾಲ, ದೇರಳಕಟ್ಟೆಗಳ ದಂತ ಕಾಲೇಜುಗಳಲ್ಲಿ ಬಾಯಿಯ ರೋಗಶಾಸ್ತ್ರಕ್ಕೆ ಬೇರೆಯದೇ ವಿಭಾಗ, ಬೇರೆಯದೇ ಬಯಾಪ್ಸಿ ಪುಸ್ತಕ ಇರುತ್ತದೆ. ಅಲ್ಲಿ ಕ್ಯಾನ್ಸರ್ ಎಂದು ಗೊತ್ತಾದ ರೋಗಿ ಎಲ್ಲಿಗೂ ಹೋಗದೆ ಮನೆಗೆ ಮರಳಿದರೆ ದೊಡ್ಡ ಆಸ್ಪತ್ರೆಯ ಯಾವ ಕಂಪ್ಯೂಟರಿನಲ್ಲೂ ಅವರ ಹೆಸರು ಇರುವುದಿಲ್ಲ.

ಮಲ್ಪೆಯ ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ನನ್ನ ಬಳಿ ಬಂದಿದ್ದರು. ಕೆನ್ನೆಯ ಒಳಗೆ ಗಾಯ. ಬಯಾಪ್ಸಿಯಲ್ಲಿ ಸ್ಪಷ್ಟವಾಗಿ ಕ್ಯಾನ್ಸರ್. ಚಿಕಿತ್ಸೆಗೆ ಚೀಟಿ ಬರೆದು ಕಳುಹಿಸಿದೆ. ಆರು ತಿಂಗಳ ಮೇಲೆ ಅವರ ಹೆಂಡತಿ ತನ್ನ ಹಲ್ಲು ತೋರಿಸಲು ಬಂದಾಗ, ಅವರು ಎಲ್ಲಿಗೂ ಹೋಗಲಿಲ್ಲ, ನಾಟಿ ಮದ್ದು ಮಾಡಿ ತೀರಿಕೊಂಡರು ಎಂದು ಹೇಳಿದರು. ಆ ಮನುಷ್ಯ ಎಲ್ಲಾದರೂ ಎಣಿಕೆಗೆ ಬಂದಿದ್ದಾರೆಯೇ ಎಂದು ಇವತ್ತಿಗೂ ಯೋಚಿಸುತ್ತೇನೆ. ಅಂದು ನನಗೆ ಇದೆಲ್ಲ ತಿಳಿದಿರಲಿಲ್ಲ. ಕರ್ನಾಟಕದಲ್ಲಿ ಕ್ಯಾನ್ಸರ್ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ ಎಂಬುದೂ ಆಮೇಲೆ ಗೊತ್ತಾಯಿತು.

ಅಂದ ಹಾಗೆ, ಬಾಯಿ ತೆರೆಯಲಾಗದಂತೆ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್, ಬಿಳಿ ಮಚ್ಚೆ, ಇವು ಕ್ಯಾನ್ಸರಿಗೆ ತಿರುಗಬಹುದಾದವು, ಕ್ಯಾನ್ಸರ್ ಅಲ್ಲ. ಅವನ್ನು ನೋಂದಣಿಗೆ ಸೇರಿಸಬೇಡಿ. ಅಡಿಕೆ ಜಗಿಯುವವರಲ್ಲಿ ಇವು ತುಂಬಾ ಕಾಣುತ್ತವೆ.

ಪುತ್ತೂರಿನ_ತೋಟ | ಮಂಗಳವಾರ, ಸಂಜೆ 6:20
ಬಂತು ನೋಡಿ ಅಡಿಕೆ. ಎಲ್ಲಿಂದ ಶುರುವಾದರೂ ಕೊನೆಗೆ ನಮ್ಮ ತೋಟಕ್ಕೇ ಬಂದು ನಿಲ್ಲುತ್ತೀರಿ. ನನ್ನ ಅಜ್ಜಿ ತೊಂಬತ್ತರವರೆಗೆ ಎಲೆ ಅಡಿಕೆ ಹಾಕಿದವರು. ತಂಬಾಕಿನ ತಪ್ಪನ್ನು ಅಡಿಕೆಯ ಮೇಲೆ ಹೊರಿಸುತ್ತಿದ್ದೀರಿ. ಸಾವಿರಾರು ಕುಟುಂಬಗಳ ಅನ್ನ ಇದು.

ಬಾಯಿ_ವೈದ್ಯೆ | ಮಂಗಳವಾರ, ಸಂಜೆ 6:48
ಅಣ್ಣಾ, ನನ್ನ ತವರಿನಲ್ಲೂ ಅಡಿಕೆ ತೋಟವಿದೆ, ಆ ದುಡ್ಡಿನಲ್ಲೇ ಓದಿದವಳು. ಆದರೂ ಹೇಳಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಸೇರಿದ ವೀಳ್ಯವನ್ನು ಕ್ಯಾನ್ಸರ್‌ಕಾರಕ ಎಂದಿತ್ತು. 2003ರ ಪರಿಶೀಲನೆಯಲ್ಲಿ ಹೊಗೆಸೊಪ್ಪು ಇಲ್ಲದ ವೀಳ್ಯವನ್ನೂ ಅಡಿಕೆಯನ್ನೂ ಕ್ಯಾನ್ಸರ್ ತರುವುದು ಖಚಿತ ಎನ್ನುವ ಮೊದಲ ಗುಂಪಿಗೇ ಸೇರಿಸಿತು. 2022ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಸುಮಾರು 3,89,800 ಬಾಯಿಯ ಕ್ಯಾನ್ಸರುಗಳಲ್ಲಿ 1,20,200 ಪ್ರಕರಣಗಳಿಗೆ ಜಗಿಯುವ ತಂಬಾಕು ಅಥವಾ ಅಡಿಕೆ ಕಾರಣ ಎಂದು ಅದೇ ಸಂಸ್ಥೆ ಅಂದಾಜಿಸಿದೆ.

ಪುತ್ತೂರಿನ_ತೋಟ | ಮಂಗಳವಾರ, ಸಂಜೆ 7:05
‘ತಂಬಾಕು ಅಥವಾ ಅಡಿಕೆ’. ಆ ‘ಅಥವಾ’ದಲ್ಲೇ ನಮ್ಮನ್ನು ಸಿಕ್ಕಿಸಿದ್ದಾರೆ. ಅಂದಾಜು ಬೇಡ, ಊರೂರಿನ ಲೆಕ್ಕ ತೋರಿಸಿ. ಎಷ್ಟು ಜನ ಬರೀ ಅಡಿಕೆ ತಿಂದವರು, ಎಷ್ಟು ಜನ ಹೊಗೆಸೊಪ್ಪು ಹಾಕಿದವರು?

ಅತ್ತಾವರದ_ಅಕ್ಕ | ಮಂಗಳವಾರ, ಸಂಜೆ 7:40
ತೋಟದವರೇ, ಲೆಕ್ಕ ತೋರಿಸಿ ಎಂದು ನೀವು ಕೇಳಿದ್ದು ನ್ಯಾಯ. ಆ ಲೆಕ್ಕ ಹುಟ್ಟುವುದು ಇಂಥ ಫೈಲುಗಳಿಂದ. ವೈದ್ಯರು ಅಭ್ಯಾಸದ ಕಲಮಿನಲ್ಲಿ ಒಂದು ಗೆರೆ ಎಳೆದು ಬಿಟ್ಟಿರುತ್ತಾರೆ. ಅಡಿಕೆಯೋ, ಹೊಗೆಸೊಪ್ಪೋ, ಗುಟ್ಕಾವೋ, ಎಷ್ಟು ವರ್ಷ ಎಂದು ಬರೆಯುವವರು ಕಡಿಮೆ. ಅದನ್ನು ಬರೆಸಿಕೊಳ್ಳಿ ಎಂದು ನೀವೂ ಒತ್ತಾಯಿಸಿದರೆ ನಮಗೆ ಬಲ ಬರುತ್ತದೆ.

ನಿರ್ವಾಹಕರು | ಮಂಗಳವಾರ, ರಾತ್ರಿ 8:00
ಅಡಿಕೆಯ ಚರ್ಚೆಗೆ ಬೇರೆ ಎಳೆ ತೆರೆದಿದ್ದೇವೆ. ಇಲ್ಲಿ ಪ್ರಕರಣ ಗುರುತಿಸುವ ವಿಷಯ ಮುಂದುವರಿಯಲಿ.

ದೂರದ_ಕೆಲಸ | ಮಂಗಳವಾರ, ರಾತ್ರಿ 9:15
ಹಾಗಾದರೆ ನನ್ನದೊಂದು ಪ್ರಶ್ನೆ. ಒಬ್ಬರಿಗೆ 2016ರಲ್ಲಿ ಎಡ ಸ್ತನದಲ್ಲಿ, 2023ರಲ್ಲಿ ಬಲ ಸ್ತನದಲ್ಲಿ ನಾಳದ ಕ್ಯಾನ್ಸರ್. ಅಮೆರಿಕದ ನಿಯಮದಲ್ಲಿ ಇವು ಎರಡು. ಇಲ್ಲಿ?

ಅತ್ತಾವರದ_ಅಕ್ಕ | ಮಂಗಳವಾರ, ರಾತ್ರಿ 9:33
ಅಂತರರಾಷ್ಟ್ರೀಯ ಎಣಿಕೆಯ ನಿಯಮದಲ್ಲಿ ಒಂದೇ. ಜೋಡಿ ಅಂಗವನ್ನು ಒಂದೇ ಅಂಗವೆಂದು ಹಿಡಿಯುತ್ತಾರೆ, ನಡುವೆ ಎಷ್ಟು ವರ್ಷ ಕಳೆದಿದೆ ಎಂಬುದನ್ನು ನೋಡುವುದಿಲ್ಲ. ಎರಡೂ ಕಡೆಯ ಗಡ್ಡೆಯ ಬಗೆ ಬೇರೆ ಗುಂಪಿನದಾದರೆ ಮಾತ್ರ ಎರಡು.

ಸ್ಲೈಡು_ನೋಡುವವ | ಮಂಗಳವಾರ, ರಾತ್ರಿ 9:50
ಇದನ್ನು ನಾನು ಒಪ್ಪುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಬಲಗಡೆಯ ಗಡ್ಡೆಯ ಸುತ್ತ ನಾಳದೊಳಗಿನ ಆರಂಭದ ರೋಗವೂ ಕಂಡರೆ, ಅದು ಅಲ್ಲೇ ಹುಟ್ಟಿದ್ದು. ಅದನ್ನು ಹಳೆಯದರ ಲೆಕ್ಕಕ್ಕೆ ಹಾಕುವುದು ರೋಗಿಯ ಸತ್ಯಕ್ಕೆ ದ್ರೋಹ.

ಅತ್ತಾವರದ_ಅಕ್ಕ | ಮಂಗಳವಾರ, ರಾತ್ರಿ 10:04
ರೋಗಿಯ ಫೈಲಿನಲ್ಲಿ ಎರಡು ಎಂದೇ ಇರಲಿ ಡಾಕ್ಟರೇ, ಚಿಕಿತ್ಸೆ ಅದರಂತೆಯೇ ನಡೆಯಲಿ. ದೇಶ ದೇಶಗಳ ದರವನ್ನು ಹೋಲಿಸುವಾಗ ಎಲ್ಲರೂ ಒಂದೇ ಸೇರಿನಲ್ಲಿ ಅಳೆಯಬೇಕಲ್ಲವೇ?

ಸ್ಲೈಡು_ನೋಡುವವ | ಮಂಗಳವಾರ, ರಾತ್ರಿ 10:10
ಹೋಲಿಕೆಗೆ ಸರಿ. ಆದರೆ ಎರಡನೆಯದನ್ನೂ ವಿವರವಾಗಿ ಬರೆದಿಡಿ, ಬಿಸಾಡಬೇಡಿ.

ಕುಂದಾಪುರದವಳು | ಬುಧವಾರ, ಬೆಳಿಗ್ಗೆ 7:10
ಬಯಾಪ್ಸಿಯೇ ಆಗದಿದ್ದರೆ ಲೆಕ್ಕಕ್ಕೆ ಇಲ್ಲವೇ? ದೊಡ್ಡಪ್ಪನಿಗೆ ಪಿತ್ತಜನಕಾಂಗದ್ದು. ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ ನೋಡಿಯೇ ನಿರ್ಣಯಿಸಿದರು.

ಅತ್ತಾವರದ_ಅಕ್ಕ | ಬುಧವಾರ, ಬೆಳಿಗ್ಗೆ 7:45
ಖಂಡಿತ ಇದೆ. ಇದನ್ನು ಎಲ್ಲರೂ ಗಮನಿಸಿ, ಏಕೆಂದರೆ ಹೆಚ್ಚು ಪ್ರಕರಣಗಳು ತಪ್ಪುವುದು ಇಲ್ಲೇ. ನಿರ್ಣಯಕ್ಕೆ ಆಧಾರ ಏನು ಎಂದು ಬರೆಯಲು ಬೇರೆ ಸಂಕೇತವಿದೆ: ವೈದ್ಯರ ಪರೀಕ್ಷೆ ಮಾತ್ರ, ಸ್ಕ್ಯಾನ್, ರಕ್ತದ ಸೂಚಕ, ಕೋಶ ಪರೀಕ್ಷೆ, ಬಯಾಪ್ಸಿ, ಕೊನೆಗೆ ಬರೀ ಮರಣ ಪ್ರಮಾಣಪತ್ರ. ಪಿತ್ತಜನಕಾಂಗ, ಮೇದೋಜ್ಜೀರಕ, ಮಿದುಳಿನ ಗಡ್ಡೆಗಳಲ್ಲಿ ಎಷ್ಟೋ ಸಲ ಬಯಾಪ್ಸಿ ಮಾಡುವುದೇ ಇಲ್ಲ. ವೈದ್ಯರು ಕ್ಯಾನ್ಸರ್ ಎಂದು ನಿರ್ಣಯಿಸಿ ಬರೆದಿದ್ದರೆ ಅದು ಪ್ರಕರಣವೇ.

ಮರಣದ ಕಡತಗಳಲ್ಲಿ ಇನ್ನೊಂದು ಸಂಕಟ. ಸಾವಿನ ಕಾರಣ ಬರೆಯಲು ಆಸ್ಪತ್ರೆಯಲ್ಲಿ ತೀರಿಕೊಂಡವರಿಗೆ ನಮೂನೆ 4, ಮನೆಯಲ್ಲಿ ತೀರಿಕೊಂಡವರಿಗೆ 4ಎ. ಎರಡರಲ್ಲೂ ‘ಹೃದಯ ಸ್ತಂಭನ’ ಎಂದು ಬರೆದು ಕೈತೊಳೆದುಕೊಂಡರೆ ಒಳಗಿದ್ದ ಕ್ಯಾನ್ಸರ್ ಮಣ್ಣಿಗೆ ಹೋದ ಹಾಗೆ. ಹೃದಯ ನಿಲ್ಲದೆ ಯಾರು ಸಾಯುತ್ತಾರೆ? ನನಗೆ ಇವತ್ತಿಗೂ ಸಿಟ್ಟು ಬರುವುದು ಈ ಒಂದು ಸಾಲಿಗೆ.

ಬಾಯಿ_ವೈದ್ಯೆ | ಬುಧವಾರ, ಬೆಳಿಗ್ಗೆ 8:20
ಮನೆಯವರೇ ‘ಕ್ಯಾನ್ಸರ್ ಎಂದು ಬರೆಯಬೇಡಿ, ಮಗಳ ಮದುವೆ ಇದೆ’ ಎಂದು ಕೇಳಿಕೊಳ್ಳುವುದನ್ನೂ ನೋಡಿದ್ದೇನೆ.

ಕಡತದ_ಕೋಣೆ | ಬುಧವಾರ, ಸಂಜೆ 6:30
ಇವತ್ತಿನ ವರದಿ. ಧೈರ್ಯ ಮಾಡಿ ಪೆಥಾಲಜಿಗೆ ಹೋದೆ. ವೈದ್ಯರು ಬಯ್ಯಲಿಲ್ಲ, ಸ್ಲೈಡು ತೆಗೆಸಿ ಮತ್ತೊಮ್ಮೆ ನೋಡಿದರು. ‘ಇಷ್ಟರಲ್ಲಿ ಹೇಳಲಾಗದು, ಬಯಾಪ್ಸಿ ಬೇಕೇ ಬೇಕು’ ಎಂದರು. ಆದ್ದರಿಂದ ಸೇರಿಸಿಲ್ಲ, ಬಾಕಿ ಎಂಬ ಪುಸ್ತಕ ಮಾಡಿ ಅದರಲ್ಲಿ ಬರೆದಿದ್ದೇನೆ. ಸಮಾಜ ಕಾರ್ಯಕರ್ತೆಯ ಮೂಲಕ ಬಂಟ್ವಾಳಕ್ಕೆ ಫೋನ್ ಮಾಡಿಸಿದೆವು. ಬಸ್ಸಿನ ಖರ್ಚಿಗಿಂತ ಹೆಚ್ಚಾಗಿ, ಕಟ್ಟಿದ ಬೀಡಿ ವಾಪಸ್ಸು ಕೊಡುವ ದಿನ ತಪ್ಪುತ್ತದೆ ಎಂದು ಬಂದಿರಲಿಲ್ಲವಂತೆ. ಶುಕ್ರವಾರ ಬರುತ್ತೇನೆ ಎಂದಿದ್ದಾರೆ.

ಅಕ್ಕ ಹೇಳಿದ ಡಿ ಮತ್ತು ಝಡ್ ಪಟ್ಟಿಗಳನ್ನೂ ತೆಗೆದೆ. ಈಗ ಹೆಸರುಗಳ ಗೋಜಲು. ಒಬ್ಬರೇ ಹೆಂಗಸು ಒಂದು ಕಡೆ ತಂದೆಯ ಹೆಸರಿನೊಂದಿಗೆ, ಇನ್ನೊಂದು ಕಡೆ ಗಂಡನ ಹೆಸರಿನೊಂದಿಗೆ ಇದ್ದಾರೆ.

ಅತ್ತಾವರದ_ಅಕ್ಕ | ಬುಧವಾರ, ಸಂಜೆ 7:02
ಮನೆಯ ಹೆಸರನ್ನು ನೋಡಿ. ಗುಡ್ಡೆಮನೆ, ಕೋಡಿಮನೆ ಎಂದು ನಮ್ಮ ಕಡೆ ವಿಳಾಸದಲ್ಲಿ ಬರೆಸುತ್ತಾರಲ್ಲ, ಗಂಡನ ಹೆಸರು ಬದಲಾದರೂ ಅದು ಸಿಗುತ್ತದೆ. ಮೊಬೈಲ್ ನಂಬರ್ ನಂಬಬೇಡಿ, ಅದು ಕರೆದುಕೊಂಡು ಬಂದವರದ್ದು. ವಯಸ್ಸಿನಲ್ಲಿ ಮೂರ್ನಾಲ್ಕು ವರ್ಷದ ವ್ಯತ್ಯಾಸ ಸಾಮಾನ್ಯ. ಅಂಗ ಮತ್ತು ಗಡ್ಡೆಯ ಬಗೆ ತಾಳೆಯಾದರೆ ಎರಡೂ ಫೈಲು ಪಕ್ಕದಲ್ಲಿಟ್ಟು ಸಹಿಯನ್ನು ಹೋಲಿಸಿ.

ಬಾಯಿ_ವೈದ್ಯೆ | ಬುಧವಾರ, ರಾತ್ರಿ 8:15
ನಮ್ಮ ವಿಭಾಗದ ಹಳೆಯ ಬಯಾಪ್ಸಿ ಪುಸ್ತಕಗಳನ್ನು ನೋಡಬೇಕಾದರೆ ಮುಖ್ಯಸ್ಥರ ಅನುಮತಿ ಬೇಕು. ನಿಮ್ಮ ಆಸ್ಪತ್ರೆಯಿಂದ ಒಂದು ಪತ್ರ ತನ್ನಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಕಡತದ_ಕೋಣೆ | ಬುಧವಾರ, ರಾತ್ರಿ 8:22
ಪತ್ರ ನಾಳೆಯೇ ಬರೆಸುತ್ತೇನೆ ಮೇಡಂ. ಶನಿವಾರ ಮಧ್ಯಾಹ್ನದ ಮೇಲೆ ರಜೆ, ಎರಡು ಗಂಟೆಯ ಬಸ್ಸಿಗೆ ಬರುತ್ತೇನೆ. ಮೊದಲು ಯಾವ ವರ್ಷದ ಪುಸ್ತಕ ತೆಗೆಯೋಣ? ಆ ಮಲ್ಪೆಯವರದ್ದು ಯಾವ ವರ್ಷ?